ಮುಸ್ಯೂ ಲಝಹರ್‌ಗೆ ಬೇಕಾದ ಬಾಲ

ಟುನೀಸಿಯಾದ ಸ್ಫಾಕ್ಸ್ ಊರಿನ ಉಣ್ಣೆಗಾರರ ಬೀದಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಲಝಹರ್ ಬುಜಲ್ಬಾನ್ ಆ ಊರಿನವನಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಹುಟ್ಟಿದ್ದು ಅಂಗಡಿಯ ಹಿಂದಿನ ಓಣಿಯಲ್ಲಿ, ಓದು ಬಿಟ್ಟದ್ದು ಬೀದಿಯ ಕೊನೆಯ ಸ್ಕೂಲಿನಲ್ಲಿ, ಕಟ್ಟಿಕೊಂಡದ್ದು ಪಕ್ಕದ ಓಣಿಯ ಝೊಹ್ರಾಳನ್ನು. ಆದರೂ ಅವನು ಮಾರ್ಸೇ ನಿವಾಸಿ.

ಒಂದು ಕಾಲದಲ್ಲಿ ಝೊಹ್ರಾಳ ಅಣ್ಣನ ಬೆನ್ನು ಹತ್ತಿ ಅವನು ಹಡಗೇರಿ ಫ್ರಾನ್ಸಿನ ಮಾರ್ಸೇಗೆ ಹೋದದ್ದು ನಿಜ. ಅಲ್ಲಿ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಕೂತು ಈರುಳ್ಳಿ ಸುಲಿದದ್ದೂ ನಿಜ. ಮೊದಲ ಚಳಿಗಾಲಕ್ಕೇ ಎರಡು ಮಂಡಿಯನ್ನೂ ಹಿಡಿದುಕೊಂಡು ವಾಪಸು ಬಂದ. ಬಂದವನು ‘ಬಂದುಬಿಟ್ಟೆ’ ಅನ್ನಲಿಲ್ಲ, ‘ರಜೆಯ ಮೇಲೆ ಬಂದಿದ್ದೇನೆ’ ಅಂದ. ಆ ರಜೆ ಶುರುವಾದಾಗ ತೊಟ್ಟಿಲಲ್ಲಿದ್ದ ಮಗಳು ಇಬ್ತಿಸಾಮ್ ಈಗ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಳೆ. ರಜೆ ಮಾತ್ರ ಇನ್ನೂ ಮುಗಿದಿಲ್ಲ.

ಬೀದಿಯ ಜನ ಅವನನ್ನು, ಫ್ರೆಂಚರು ದೊಡ್ಡ ಮನುಷ್ಯರನ್ನು ಕರೆಯುವ ಹಾಗೆ, ‘ಮುಸ್ಯೂ’ ಎಂದು ಕರೆಯುತ್ತಿದ್ದರು. ಅದು ಗೌರವವೋ ಗೇಲಿಯೋ ಎಂದು ಲಝಹರ್ ವಿಚಾರಿಸಲು ಹೋಗಿರಲಿಲ್ಲ. ಮುಸ್ಯೂ ಆಗಿರುವುದರಲ್ಲಿ ಅನುಕೂಲಗಳಿದ್ದವು. ಓಣಿಯ ಮೋರಿ ಕಟ್ಟಿಕೊಂಡಾಗ ಎಲ್ಲರೂ ಗುದ್ದಲಿ ಹಿಡಿದರೆ ಇವನು ಫೆಲ್ಟ್ ಹ್ಯಾಟು ಸರಿಮಾಡಿಕೊಂಡು, “ನಾನು ಅತಿಥಿ ಕಣ್ರಪ್ಪ, ಇವತ್ತಿದ್ದು ನಾಳೆ ಹೋಗೋನು” ಅನ್ನುತ್ತಿದ್ದ. ನೆಂಟರ ಜಗಳಕ್ಕೆ ಪಂಚಾಯಿತಿ ಮಾಡಲು ಕರೆದರೆ ಮುಂದಿನ ವಾರ ಹಡಗಿದೆ ಅನ್ನುತ್ತಿದ್ದ. ಮಾತಿಗೆ ತೂಕ ಬರಲಿ ಎಂದು ಗುರುತಿನ ಚೀಟಿಯಲ್ಲೂ ಮಾರ್ಸೇಯ ವಿಳಾಸವನ್ನೇ ಬರೆಸಿಕೊಂಡಿದ್ದ. ಹೊರದೇಶದಲ್ಲಿರುವವನು ಇಲ್ಲಿ ಅಂಗಡಿ ನಡೆಸುವುದು ಚೆಂದವಲ್ಲವಾದ್ದರಿಂದ ಅಂಗಡಿ ಹೆಂಡತಿಯ ಹೆಸರಿನಲ್ಲಿತ್ತು. ಉಣ್ಣೆ ಹಿಂಜುವುದು, ತುಂಬುವುದು, ಹೊಲಿಯುವುದೂ ಹೆಂಡತಿಯ ಕೈಯಲ್ಲೇ ಇತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಾರ್ಸೇಯ ಹಾಸಿಗೆಗಳು ಎಷ್ಟು ಮೆತ್ತಗಿರುತ್ತವೆ ಎಂದು ಗಿರಾಕಿಗಳಿಗೆ ವಿವರಿಸುವ ಭಾರವನ್ನು ಮಾತ್ರ ಲಝಹರ್ ಹೊತ್ತಿದ್ದ.

ಹೀಗೆ ಎಲ್ಲ ಸುಖವಾಗಿರುವಾಗ ಎದುರಂಗಡಿಯ ತೈಯೆಬ್ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ ಮಾಡಿಕೊಂಡ. ಅವನದೂ ಹಾಸಿಗೆ ವ್ಯಾಪಾರವೇ. ಅಂಗಡಿಯ ಹೆಸರು, ಅದರ ಹಿಂದೆ ಡಾಟ್ ಕಾಮ್. ಆ ಸಂತೋಷಕ್ಕೆ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಬಾದಾಮಿ ಹಾಕಿದ ಚಹಾ ಹೇಳಿದ.

“ನೋಡಿದ್ರಾ ಮುಸ್ಯೂ? ಇನ್ಮೇಲೆ ನನ್ನ ಹಾಸಿಗೆ ಪ್ರಪಂಚಕ್ಕೆಲ್ಲ ಕಾಣ್ಸುತ್ತೆ. ನಿಮ್ಮ ಮಾರ್ಸೇಗೂ ಕಾಣ್ಸುತ್ತೆ!”

ಲಝಹರ್ ಚಹಾದಲ್ಲಿದ್ದ ಬಾದಾಮಿಯನ್ನೆಲ್ಲ ಮೊದಲು ತಿಂದು ಮುಗಿಸಿದ. ಆಮೇಲೆ ಬಾಯಿ ತೆರೆದ.

“ಡಾಟ್ ಕಾಮ್ ಅನ್ನೋದು ಬಸ್ ಸ್ಟ್ಯಾಂಡಿನ ಬೆಂಚು ಇದ್ದ ಹಾಗೆ ಕಣಯ್ಯಾ. ಯಾರು ಬೇಕಾದ್ರೂ ಕೂರ್ತಾರೆ, ಯಾರು ಬೇಕಾದ್ರೂ ಮಲಗ್ತಾರೆ. ವಿಳಾಸ ಅಂದ್ಮೇಲೆ ಬಾಲದಲ್ಲಿ ದೇಶ ಇರ್ಬೇಕು. ಡಾಟ್ ಟಿಎನ್! ಅದನ್ನ ಕಂಡಕಂಡೋರಿಗೆ ಕೊಡಲ್ಲ. ಈ ಟುನೀಸಿಯಾದ ಮಣ್ಣಿನೋರು ಅಂತ ಸಾಬೀತಾದ್ರೆ ಮಾತ್ರ ಕೊಡ್ತಾರೆ. ನಾನು ತಗೊಳ್ಳೋದು ಅದನ್ನೇ.”

“ನೀವು ಮಾರ್ಸೇಯೋರಲ್ವಾ?”

“ದೇಹ ಮಾರ್ಸೇಯಲ್ಲಿದೆ. ಹೃದಯ ಇಲ್ಲಿದೆ” ಎಂದ ಲಝಹರ್, ಆ ದೇಹವನ್ನು ಮುಂದಕ್ಕೆ ಬಾಗಿಸಿ ಸಕ್ಕರೆ ಡಬ್ಬಿ ಎಳೆದುಕೊಳ್ಳುತ್ತ.

ಬರೀ ಮಾತಾಡಿ ಸುಮ್ಮನಿದ್ದರೆ ಬೀದಿ ಮರೆಯುತ್ತಿತ್ತು. ಆದರೆ ಲಝಹರ್ ಮರುದಿನವೇ ಪೇಂಟರನ್ನು ಕರೆಸಿ, ‘ಫ್ರಾಶ್ ಎಲ್ ಹನಾ ಡಾಟ್ ಟಿಎನ್’ ಎಂದು ಅಂಗಡಿಯ ಮೇಲೆ ಹಸಿರು ಬಣ್ಣದಲ್ಲಿ ಮೊಳದುದ್ದದ ಅಕ್ಷರ ಬರೆಸಿದ. ಸುಖದ ಹಾಸಿಗೆ ಎಂಬುದು ಅಂಗಡಿಯ ಹೆಸರು. ಅಷ್ಟಕ್ಕೂ ತೃಪ್ತಿಯಾಗದೆ, ಮದುವೆ ಸೀಸನ್ನಿಗೆಂದು ತಯಾರಾಗಿದ್ದ ಹಾಸಿಗೆಗಳ ಮೂಲೆಯಲ್ಲೆಲ್ಲ ಅದೇ ವಿಳಾಸವನ್ನು ದಾರದಲ್ಲಿ ಹೊಲಿಸಿದ. ಹೊಲಿದವಳು ಝೊಹ್ರಾ. “ಮೊದ್ಲು ವಿಳಾಸ ಸಿಗ್ಲಿ, ಆಮೇಲೆ ಹೊಲಿಯೋಣ” ಎಂದು ಅವಳು ಹೇಳಿದ್ದಕ್ಕೆ, “ಸ್ವಂತ ದೇಶ ನನಗೆ ಇಲ್ಲ ಅನ್ನುತ್ತಾ?” ಎಂದು ರೇಗಿದ.

ಸ್ವಂತ ದೇಶ ಇಲ್ಲ ಅಂದಿತು.

ಅಂದದ್ದು ಮದಾಮ್ ರಫೀಕಾ ಎಂಬ ಹೆಂಗಸಿನ ಬಾಯಲ್ಲಿ. ಇಂಟರ್‌ನೆಟ್ ಹೆಸರುಗಳನ್ನು ನೋಂದಾಯಿಸುವ ಕಚೇರಿಯಲ್ಲಿ ಆಕೆ ಕಿಟಕಿ ಪಕ್ಕದ ಮೇಜಿಗೆ ಕೂರುತ್ತಿದ್ದಳು. ಲಝಹರ್ ಹ್ಯಾಟು ತೆಗೆದು, ಗುರುತಿನ ಚೀಟಿಯನ್ನು ಇಸ್ಪೀಟಿನ ರಾಜನನ್ನು ಇಳಿಸುವಂತೆ ಮೇಜಿನ ಮೇಲೆ ಇಳಿಸಿದ.

“ಮಾರ್ಸೇ ಅಂತಿದೆಯಲ್ಲ ಇದ್ರಲ್ಲಿ?” ಎಂದಳು ಮದಾಮ್.

“ಹೌದು” ಎಂದ ಲಝಹರ್. ಹೆಮ್ಮೆ ತಡೆಯಲಾಗಲಿಲ್ಲ.

“ಹಾಗಾದ್ರೆ ಆಗಲ್ಲ. ದೇಶದ ಬಾಲ ದೇಶದೊಳಗೆ ವಾಸ ಇರೋರಿಗೆ.”

“ನಾನು ದೇಶದೊಳಗೇ ಇದ್ದೀನಲ್ಲಮ್ಮಾ. ನಿಮ್ಮೆದುರಿಗೇ ಇದ್ದೀನಿ.”

“ಎದುರಿಗೆ ಇರೋದು ಹಾಜರಾತಿ. ನಾನು ಕೇಳ್ತಿರೋದು ನಿವಾಸ.”

“ನಾನು ಈ ದೇಶದ ಪ್ರಜೆ! ನಮ್ಮಪ್ಪ ಪ್ರಜೆ, ನಮ್ಮಜ್ಜ ಪ್ರಜೆ!”

“ಅವರಿಗೆ ನನ್ನ ನಮಸ್ಕಾರ ಹೇಳಿ. ನಾಳೆ ನಿಮ್ಮ ಸೈಟಿನ ಮೇಲೆ ಯಾರೋ ದೂರು ಕೊಟ್ರು ಅನ್ನಿ, ನಾವು ಯಾರ ಬಾಗಿಲು ಬಡೀಬೇಕು? ಮಾರ್ಸೇಗೆ ಹಡಗು ಹತ್ಬೇಕಾ? ಹೋಗ್ಲಿ, ಇಲ್ಲಿ ಅಂಗಡಿ ಇದ್ರೂ ಆಗುತ್ತೆ. ಅಂಗಡಿ ಯಾರ ಹೆಸರಲ್ಲಿದೆ?”

ಈ ಪ್ರಶ್ನೆಗೆ ಲಝಹರ್‌ಗೆ ಕೆಮ್ಮು ಬಂತು. ಹೆಂಡತಿಯ ಹೆಸರಿನಲ್ಲಿದೆ ಎಂದು ಪರ ಹೆಂಗಸಿನೆದುರು ಹೇಳುವುದಕ್ಕಿಂತ ಕೆಮ್ಮುವುದೇ ಮರ್ಯಾದೆ ಎಂದು ಗಂಟಲು ತಾನಾಗಿಯೇ ತೀರ್ಮಾನಿಸಿತು. ಮದಾಮ್ ಅವನಿಗೆ ನೀರು ಕೊಟ್ಟಳು.

“ಆ ಹೆಸರು ಖಾಲಿ ಇದೆಯೋ ಇಲ್ವೋ, ಅಷ್ಟಾದ್ರೂ ನೋಡ್ತೀರಾ?”

“ಹೆಸರು ಎಲ್ಲಿದೆ ಅಂತ ಆಮೇಲೆ ನೋಡೋಣ. ಮೊದ್ಲು ನೀವು ಎಲ್ಲಿದ್ದೀರಿ ಅಂತ ಗೊತ್ತಾಗ್ಲಿ. ನಿಮ್ಮ ಬಡಾವಣೆಯ ಉಮ್ದಾ ಹತ್ರ ವಾಸದ ಪತ್ರ ತಗೊಂಡು ಬನ್ನಿ.”

ಲಝಹರ್ ಸಪ್ಪೆ ಮುಖ ಮಾಡಿಕೊಂಡು ಅಂಗಡಿಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬೀದಿ ಮುಟ್ಟಿತ್ತು. ತೈಯೆಬ್ ಎದುರಿಗೇ ನಿಂತು ಹಸಿರು ಬೋರ್ಡನ್ನು ಓದುತ್ತಿದ್ದ. ಈ ಸಲ ‘ಮುಸ್ಯೂ’ ಬಿಟ್ಟು, ಊರಿನ ಗಂಡಸರಿಗೆ ಗೌರವಕ್ಕೆ ಹಚ್ಚುವ ‘ಸೀ’ ಹಚ್ಚಿದ.

“ಸೀ ಲಝಹರ್, ನಾನೂ ಒಂದು ಯೋಚ್ನೆ ಮಾಡ್ತಾ ಇದ್ದೆ. ನಾನು ಈ ದೇಶದೋನು, ಇಲ್ಲೇ ವಾಸ, ಅಂಗಡೀನೂ ನನ್ನ ಹೆಸರಲ್ಲೇ ಇದೆ. ಆ ಡಾಟ್ ಟಿಎನ್ ನಾನು ಕೇಳಿದ್ರೆ ನಿಂತ ಕಾಲಲ್ಲಿ ಕೊಡ್ತಾರಂತೆ. ಬೋರ್ಡು ಹೆಂಗೂ ಬರ್ಸಿದ್ದೀರಿ, ಆ ಖರ್ಚೂ ಉಳೀತು.”

ಝೊಹ್ರಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಸೂಜಿಗೆ ದಾರ ಪೋಣಿಸಿದಳು.

ಉಮ್ದಾ ಎಂದರೆ ಬಡಾವಣೆಯ ಮುಖಂಡ. ಸರ್ಕಾರದ ಮೊಹರು ಅವನ ಜೇಬಿನಲ್ಲಿರುತ್ತದೆ. ಈ ಬಡಾವಣೆಯ ಉಮ್ದಾ ಸೀ ಮಖ್ಲೂಫ್ ಆ ಮೊಹರನ್ನು ಎದೆಯ ಮೇಲಿನ ಜೇಬಿನಲ್ಲಿ ಇಟ್ಟುಕೊಂಡು, ಆಗಾಗ ಅದಕ್ಕೆ ಜ್ವರ ಬಂದಿದೆಯೇ ಎಂಬಂತೆ ಮುಟ್ಟಿ ನೋಡಿಕೊಳ್ಳುವ ಮನುಷ್ಯ. ಲಝಹರ್ ಬಂದ ಕೂಡಲೇ ಎದ್ದು ನಿಂತು ಕೈ ಕುಲುಕಿದ.

“ಓಹೋ, ಮುಸ್ಯೂ! ಯಾವಾಗ ಬಂದ್ರಿ?”

“ಯಾವಾಗ ಬಂದೆ ಅಂದ್ರೆ? ಇವತ್ತು ಬೆಳಿಗ್ಗೆ ರೊಟ್ಟಿ ಅಂಗಡಿ ಕ್ಯೂನಲ್ಲಿ ನಿಮ್ಮ ಹಿಂದೆ ನಿಂತಿದ್ನಲ್ಲ!”

“ನಿಂತಿದ್ರಿ. ನಾನು ಕೇಳಿದ್ದು ಮಾರ್ಸೇಯಿಂದ.”

ಲಝಹರ್ ವಿಷಯ ಹೇಳಿದ. ಉಮ್ದಾ ಮೊಹರಿನ ಮೇಲೆ ಕೈ ಇಟ್ಟುಕೊಂಡ.

“ಸುಳ್ಳು ಪತ್ರ ಬರೀರಿ ಅಂತ ನನಗೆ ಹೇಳ್ತಾ ಇದ್ದೀರಾ, ಸೀ ಲಝಹರ್? ಮೋರಿ ಕೆಲಸಕ್ಕೆ ಕರೆದಾಗ ಇದೇ ಕುರ್ಚೀಲಿ ಕೂತು ಏನಂದ್ರಿ? ಅತಿಥಿ ಅಂದ್ರಿ. ಓಣಿ ಗೋಡೆ ಬಿದ್ದಾಗ ಏನಂದ್ರಿ? ಅತಿಥಿ ಅಂದ್ರಿ. ಅತಿಥಿಗೆ ವಾಸದ ಪತ್ರ ಕೊಟ್ರೆ ನಾಳೆ ಬಂದರಿನಲ್ಲಿ ಇಳಿದ ಜರ್ಮನ್ ಟೂರಿಸ್ಟೂ ಬಂದು ಕೇಳ್ತಾನೆ.”

“ಅದು ಬಾಯಿ ಮಾತು ಉಮ್ದಾರೇ!”

“ಗುರುತಿನ ಚೀಟೀಲೂ ಬಾಯಿ ಮಾತಾ?”

ಕೊನೆಗೆ ಲಝಹರ್ ಅವನ ತೋಳು ಹಿಡಿದುಕೊಂಡ. ಉಮ್ದಾನ ಮನಸ್ಸು ಸ್ವಲ್ಪ ಕರಗಿತು, ಮೊಹರು ಕರಗಲಿಲ್ಲ. ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿ ಖುದ್ದಾಗಿ ಮನೆಗೆ ಬರುವುದಾಗಿ ಹೇಳಿದ. ಲಝಹರ್ ಅಲ್ಲಿ ನಿಜವಾಗಿ ವಾಸ ಇದ್ದಾನೆಯೇ ಎಂದು ಕಣ್ಣಾರೆ ನೋಡಬೇಕು. ನೆರೆಯವರೊಬ್ಬರು ಸಾಕ್ಷಿ ಹೇಳಬೇಕು. ಆಮೇಲೆ ಪತ್ರ.

ಲಝಹರ್ ಖುಷಿಯಿಂದ ಮನೆಗೆ ಓಡಿದ. ಝೊಹ್ರಾ ಅವನಿಗಿಂತ ಖುಷಿಯಲ್ಲಿದ್ದಳು.

“ಲಲ್ಲಾ ಸಲೂಹಾ ಹೇಳಿ ಕಳ್ಸಿದ್ರು. ಗುರುವಾರ ಮಗನ್ನ ಕರ್ಕೊಂಡು ಬರ್ತಾರಂತೆ. ಮದುವೆ ದಿನ ಗೊತ್ತು ಮಾಡೋಕೆ.”

ಲಝಹರ್ ಬಾಗಿಲಿಗೆ ಒರಗಿಕೊಂಡ. ಎಲ್ಲರೂ ಗೌರವದಿಂದ ‘ಲಲ್ಲಾ’ ಎನ್ನುವ ಈ ಸಲೂಹಾಳ ಮಗ ಘಸ್ಸಾನ್ ಹಲ್ಲಿನ ಸೆಟ್ಟು ಮಾಡುವ ಹುಡುಗ. ಅವನೂ ಇಬ್ತಿಸಾಮಳೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಸಂಬಂಧ ಕುದುರಿದಾಗ ಹುಡುಗಿಯ ತಂದೆ ಮಾರ್ಸೇಯಲ್ಲಿ ನೆಲೆಸಿದ್ದಾನೆ ಎಂಬ ಮಾತಿಗೆ ಸಲೂಹಾಳ ಮುಖ ಅರಳಿದ್ದನ್ನು ಎಲ್ಲರೂ ನೋಡಿದ್ದರು. ಈಗ ಅದೇ ಮನೆಯಲ್ಲಿ, ಅದೇ ಗುರುವಾರ, ಲಝಹರ್ ಉಮ್ದಾನ ಮುಂದೆ ಇಲ್ಲೇ ಬೇರು ಬಿಟ್ಟವನಾಗಿರಬೇಕು, ಬೀಗಿತ್ತಿಯ ಮುಂದೆ ನಾಳೆ ಹಡಗು ಹತ್ತುವವನಾಗಿರಬೇಕು.

“ಸಲೂಹಾರಿಗೆ ಬೇರೆ ದಿನ ಬನ್ನಿ ಅಂತ ಹೇಳು!”

“ಹುಡುಗನ ತಾಯಿಗೆ ಬರ್ಬೇಡಿ ಅಂತ ನೀವೇ ಹೇಳಿ, ನೋಡೋಣ.”

“ಉಮ್ದಾಗೆ ಹೇಳಿದ್ರೆ?”

“ಅವರು ಬರ್ದೇ ಇದ್ರೆ ತೈಯೆಬ್ ಆಫೀಸಿಗೆ ಹೋಗ್ತಾನೆ ಅಂತ ನೀವೇ ಅಂದ್ರಲ್ಲ.”

ಲಝಹರ್ ಸೇನಾಪತಿಯಂತೆ ಮನೆಯನ್ನು ಎರಡು ಭಾಗ ಮಾಡಿದ. ಮುಂದಿನ ಬೈಠಕ್ಕು ಮಾರ್ಸೇ: ಅಲ್ಲಿ ಬೀಗರು, ಫೆಲ್ಟ್ ಹ್ಯಾಟು, ಕೋಟು, ಬಾಗಿಲ ಪಕ್ಕದಲ್ಲಿ ಪ್ರಯಾಣಕ್ಕೆ ಸಿದ್ಧವಾದಂತೆ ಕಾಣುವ ಸೂಟ್‌ಕೇಸು. ಹಿಂದಿನ ಅಂಗಳ ಸ್ಫಾಕ್ಸ್: ಅಲ್ಲಿ ಉಮ್ದಾ, ಕೆಂಪು ಶಾಶಿಯಾ ಟೋಪಿ, ಹಳೆಯ ಜುಬ್ಬ, ಹವಾಯಿ ಚಪ್ಪಲಿ. ಎರಡರ ನಡುವೆ ಮನೆಯೊಳಗೇ ಇದ್ದ ಓಣಿಯಲ್ಲಿ ಟೋಪಿ ಬದಲಾಯಿಸಿಕೊಳ್ಳಲು ಒಂದು ಮೊಳೆ ಹೊಡೆದ. ಇಬ್ತಿಸಾಮ್ ಇದನ್ನೆಲ್ಲ ನೋಡಿ, “ಅಪ್ಪಾ, ಎರಡು ಸುಳ್ಳು ಒಂದೇ ಮನೇಲಿ ಹಿಡಿಸಲ್ಲ” ಅಂದಳು. ಒಂದು ಸುಳ್ಳು, ಒಂದು ನಿಜ ಎಂದು ಅವನು ತಿದ್ದಿದ. ಯಾವುದು ಯಾವುದು ಎಂದು ಅವಳು ಕೇಳಿದ್ದಕ್ಕೆ, ದೊಡ್ಡವರ ಎದುರು ವಾದ ಮಾಡಬಾರದು ಎಂದ.

ಗುರುವಾರ ಸಲೂಹಾ ಮೊದಲು ಬಂದಳು. ತೂಕದ ಹೆಂಗಸು, ತೂಕದ ಬಳೆಗಳು, ಕೈಯಲ್ಲಿ ಕಾಕ್ ಎಂಬ ಬಾದಾಮಿ ಸಿಹಿಯ ಡಬ್ಬಿ. ಹಿಂದೆ ಘಸ್ಸಾನ್. ಲಝಹರ್ ಕೋಟು ತೊಟ್ಟು ನಿಂತಿದ್ದ.

“ಸೂಟ್‌ಕೇಸು ಸಿದ್ಧ ಇದೆ! ಯಾವಾಗ ಹೊರಡೋದು, ಬೀಗರೇ?”

“ಏನೋ ಲಲ್ಲಾ, ಅಲ್ಲಿಯ ಕೆಲಸ ಕರೀತಾನೇ ಇರುತ್ತೆ” ಎಂದ ಲಝಹರ್. ಅಷ್ಟರಲ್ಲಿ ಹಿಂಬಾಗಿಲು ಸದ್ದಾಯಿತು. “ಒಂದ್ನಿಮಿಷ, ಮಾರ್ಸೇಯಿಂದ ಫೋನು” ಎಂದು ಓಣಿಗೆ ಜಿಗಿದು, ಹ್ಯಾಟನ್ನು ಮೊಳೆಗೆ ಸಿಕ್ಕಿಸಿ, ಶಾಶಿಯಾ ಇಟ್ಟುಕೊಂಡು, ಕೋಟಿನ ಮೇಲೇ ಜುಬ್ಬ ಏರಿಸಿಕೊಂಡು ಅಂಗಳಕ್ಕೆ ಬಂದ.

ಉಮ್ದಾ ಅಂಗಳದ ಮಧ್ಯೆ ನಿಂತು ಆಲಿವ್ ಎಣ್ಣೆಯ ಜಾಡಿಗಳನ್ನು ಬಗ್ಗಿ ನೋಡುತ್ತಿದ್ದ.

“ಇದು ವರ್ಷದ ಎಣ್ಣೆ ಉಮ್ದಾರೇ. ವರ್ಷದ ಎಣ್ಣೆ ತುಂಬಿಸಿಟ್ಟೋನು ಎಲ್ಲಿಗೆ ಹೋಗ್ತಾನೆ?”

“ಎಣ್ಣೆ ಹೋಗಲ್ಲ. ನಿಮ್ಮನ್ನ ಕೇಳ್ತಿದ್ದೀನಿ. ಅಲ್ಲಾ, ಈ ಸೆಕೇಲಿ ಜುಬ್ಬದೊಳಗೆ ಕೋಟು ಯಾಕೆ ಹಾಕಿದ್ದೀರಿ?”

“ಮಂಡಿ ನೋವು.”

“ಮಂಡಿಗೆ ಕೋಟಾ?”

ಬೈಠಕ್ಕಿನಿಂದ ಸಲೂಹಾ ಕೂಗಿದಳು: “ಬೀಗರೇ, ಮಾರ್ಸೇಯೋರು ಇನ್ನೂ ಫೋನ್ ಇಟ್ಟಿಲ್ವಾ?” ಲಝಹರ್ ಓಡಿದ. ಓಡುವ ಅವಸರದಲ್ಲಿ ಜುಬ್ಬ ಕಳಚಿ ಹ್ಯಾಟು ಹಾಕಿಕೊಂಡನೇ ಹೊರತು ಶಾಶಿಯಾ ತೆಗೆಯಲಿಲ್ಲ. ಒಂದರ ಮೇಲೊಂದು ಟೋಪಿ ಹೊತ್ತ ಭಾವೀ ಮಾವನನ್ನು ನೋಡಿ ಘಸ್ಸಾನ್ ಚಹಾವನ್ನು ಮೂಗಿಗೆ ಏರಿಸಿಕೊಂಡ.

“ಇದು ಅಲ್ಲಿಯ ಹೊಸ ಫ್ಯಾಷನ್ನಾ?” ಎಂದಳು ಸಲೂಹಾ ಗೌರವದಿಂದಲೇ.

“ಅಲ್ಲಿ ಗಾಳಿ ಜಾಸ್ತಿ ಲಲ್ಲಾ.”

ಇತ್ತ ಉಮ್ದಾ ಕಾಯುತ್ತ ಕೂರುವವನಲ್ಲ. ಮಲಗುವ ಕೋಣೆ ನೋಡಿದ, ಅಡಿಗೆಮನೆ ನೋಡಿದ, ಓಣಿಗೆ ಬಂದ. ಓಣಿಯ ಕೊನೆಯಲ್ಲಿ, ಬೈಠಕ್ಕಿನ ಬಾಗಿಲಲ್ಲಿ, ಸೂಟ್‌ಕೇಸು ಕಾಣಿಸಿತು.

“ಇದೇನಿದು ಸೀ ಲಝಹರ್? ಮನುಷ್ಯ ಹೊರಟು ನಿಂತಿದ್ದಾನೆ, ನನ್ನ ಹತ್ರ ವಾಸದ ಪತ್ರ ಕೇಳ್ತಾನೆ!”

ಲಝಹರ್ ಸೂಟ್‌ಕೇಸನ್ನು ಓಣಿಗೆ ಎಳೆದುಕೊಂಡು ಬಂದು ಬಾಗಿಲನ್ನು ಬೆನ್ನಿನಿಂದ ಮುಚ್ಚಿ, ಪಿಸುದನಿಯಲ್ಲಿ, “ಅದು ಬರೀ ಡಬ್ಬ ಉಮ್ದಾರೇ, ತೆಗೆದು ನೋಡಿ” ಎಂದ. ಉಮ್ದಾ ತೆಗೆದ. ಒಳಗೆ ಝೊಹ್ರಾ ಹರಿಸ್ಸಾ ಚಟ್ನಿಗೆಂದು ಒಣಗಿಸಿಟ್ಟ ಕೆಂಪು ಮೆಣಸಿನಕಾಯಿ ಹಿಡಿಸದಷ್ಟು ತುಂಬಿತ್ತು. ಮುಚ್ಚಳ ಎದ್ದ ರಭಸಕ್ಕೆ ಘಾಟು ಎದ್ದು, ಉಮ್ದಾ ಸೀನಿದ, ಲಝಹರ್ ಸೀನಿದ, ಬಾಗಿಲಿನಾಚೆ ಸಲೂಹಾಳೂ ಸೀನಿದಳು.

ಸಾಕ್ಷಿಗೆಂದು ಕರೆಸಿದ್ದ, ಹಜ್ ಮಾಡಿ ಬಂದ ಮೇಲಂತಸ್ತಿನ ಹಾಜ್ಜಾ ಮಬ್ರೂಕಾ ಮೆಟ್ಟಿಲಿಳಿದು ಬಂದದ್ದು ಆ ಹೊತ್ತಿಗೆ. ಹಾಜ್ಜಾಗೆ ಕಿವಿ ಮಂದ. ಹಾಗಾಗಿ ಊರಿಗೆಲ್ಲ ಕಿವಿ ಮಂದ ಎಂದೇ ಆಕೆಯ ನಂಬಿಕೆ.

“ಹಾಜ್ಜಾ, ಈ ಮನುಷ್ಯ ಇಲ್ಲೇ ವಾಸ ಇದ್ದಾರಾ?” ಎಂದು ಉಮ್ದಾ ಕಣ್ಣೊರೆಸಿಕೊಳ್ಳುತ್ತ ಕೇಳಿದ.

“ಇಲ್ಲೇ ಅಂದ್ರೆ?” ಹಾಜ್ಜಾಳ ದನಿಗೆ ಸೂರಿನ ಪಾರಿವಾಳಗಳು ಹಾರಿದವು. “ಇಲ್ಲಿ ಬಿಟ್ಟು ಇನ್ನೆಲ್ಲಿಗೆ ಹೋಗ್ತಾನೆ ಇವನು? ಬೆಳಿಗ್ಗೆ ಎದ್ದು ಕ್ಯಾಕರಿಸೋದು ನನಗೂ ಕೇಳ್ಸುತ್ತೆ! ರಾತ್ರಿ ಗೊರಕೆಗೆ ನನ್ನ ಪಾತ್ರೆ ಅಲುಗಾಡುತ್ತೆ! ಮಾರ್ಸೇ ಅಂತೆ, ಮಾರ್ಸೇ! ಇವನು ಮೀನು ಮಾರ್ಕೆಟ್ ದಾಟಿ ಆಕಡೆ ಹೋಗಿದ್ದನ್ನ ನಾನು ನೋಡಿಲ್ಲ!”

ಬೈಠಕ್ಕಿನ ಬಾಗಿಲು ತೆರೆಯಿತು. ಸಲೂಹಾ ಬಾಗಿಲ ತುಂಬ ನಿಂತಿದ್ದಳು. ಅವಳ ತೋಳಿನ ಸಂದಿಯಿಂದ ಘಸ್ಸಾನ್ ಇಣುಕುತ್ತಿದ್ದ. ಅಡಿಗೆಮನೆಯಿಂದ ಝೊಹ್ರಾ ಮತ್ತು ಇಬ್ತಿಸಾಮ್ ಬಂದರು. ಇಬ್ತಿಸಾಮಳ ಮುಖ ಬಿಳಿಚಿತ್ತು.

“ಸರಿ ಸೀ ಲಝಹರ್, ನಿಮ್ಮ ಬಾಯಲ್ಲೇ ಹೇಳಿ” ಎಂದ ಉಮ್ದಾ, ಪೆನ್ನು ತೆಗೆದು. “ನೀವು ವಾಸ ಇರೋದೆಲ್ಲಿ?”

ಲಝಹರ್ ಮಗಳ ಮುಖ ನೋಡಿದ. ಒಂದು ಟೋಪಿ ತೆಗೆದ. ಇನ್ನೊಂದನ್ನೂ ತೆಗೆದ.

“ಇಲ್ಲೇ” ಎಂದ. “ಮಾರ್ಸೇಯಲ್ಲಿ ಈರುಳ್ಳಿ ಸುಲಿದೆ. ಚಳಿ ತಡೀಲಿಲ್ಲ, ವಾಪಸು ಬಂದೆ. ಆಮೇಲೆ ಎಲ್ಲಿಗೂ ಹೋಗಿಲ್ಲ. ಇದ್ರಲ್ಲಿ ನನ್ನ ಮಗಳ ತಪ್ಪೇನೂ ಇಲ್ಲ, ಲಲ್ಲಾ.”

ಸಲೂಹಾ ಸಾವಕಾಶವಾಗಿ ವಿಚಾರಣೆಗೆ ಇಳಿದಳು.

“ಅಂದ್ರೆ, ಇಲ್ಲೇ ಇರ್ತೀರಿ?”

“ಇರ್ತೀನಿ.”

“ಯಾವಾಗ್ಲೂ?”

“ಯಾವಾಗ್ಲೂ.”

“ಹಬ್ಬಕ್ಕೂ? ರಂಜಾನಿಗೂ? ಭಾನುವಾರಾನೂ?”

“ಎಲ್ಲಕ್ಕೂ, ಲಲ್ಲಾ.”

ಸಲೂಹಾ ತಲೆಗೆ ಕೈ ಇಟ್ಟುಕೊಂಡಳು. “ಅಯ್ಯೋ, ನಮ್ಮನೆಯೋರನ್ನ ನಾನು ಹೆಂಗೆ ಒಪ್ಪಿಸಿದ್ದೆ! ಹುಡುಗಿ ಬಂಗಾರ, ಅವಳ ತಾಯಿ ಬಂಗಾರ, ಅಪ್ಪ ಸಮುದ್ರದಾಚೆ ಇದ್ದಾನೆ ಅಂದಿದ್ದೆ. ಮೂರನೇ ಮಾತು ಕೇಳಿದ್ಮೇಲೇನೇ ಅವರು ಹೂಂ ಅಂದಿದ್ದು! ದೊಡ್ಡ ಸೊಸೆ ಅಪ್ಪ ದಿನಾ ಸಂಜೆ ಬಂದು ನಮ್ಮ ಸೋಫಾದಲ್ಲಿ ಕೂತು ರಾಜಕೀಯ ಮಾತಾಡ್ತಾನೆ. ಈ ಸಲವಾದ್ರೂ ದೂರದ ಬೀಗರು ಸಿಕ್ಕಿದ್ರು ಅಂತ ದರ್ಗಾಕ್ಕೆ ಮೇಣದ ಬತ್ತಿ ಹಚ್ಚಿ ಬಂದಿದ್ದೆ!”

ತನ್ನ ಮಾರ್ಸೇಗೆ ಊರಿನಲ್ಲಿ ಇಷ್ಟು ಬೆಲೆ ಯಾಕಿತ್ತು ಎಂಬುದು ಲಝಹರ್‌ಗೆ ಈಗ ಗೊತ್ತಾಯಿತು.

ಇಬ್ತಿಸಾಮ್ ಮುಂದೆ ಬಂದಳು. ಕ್ಲಾಸಿನಲ್ಲಿ ಲೆಕ್ಕ ಬಿಡಿಸುವ ದನಿಯಲ್ಲೇ ಕೇಳಿದಳು: “ಲಲ್ಲಾ, ನಮ್ಮನೆಯಿಂದ ನಿಮ್ಮನೆ ಎಷ್ಟು ದೂರ?”

“ಎಷ್ಟು ದೂರ? ಈ ಬೀದಿ ದಾಟಿದ್ರೆ ಬಂತು.”

“ನಮ್ಮಪ್ಪ ಇಷ್ಟು ವರ್ಷ ಇಲ್ಲೇ ಇದ್ರು. ಒಂದಿನಾನಾದ್ರೂ ನಿಮ್ಮ ಸೋಫಾದಲ್ಲಿ ಬಂದು ಕೂತ್ರಾ? ಇದ್ದಾರೆ ಅನ್ನೋದೇ ನಿಮಗೆ ಗೊತ್ತಾಗ್ಲಿಲ್ಲ. ಇಷ್ಟು ಸದ್ದಿಲ್ಲದ ಬೀಗರು ನಿಮಗೆ ಇನ್ನೆಲ್ಲಿ ಸಿಗ್ತಾರೆ?”

ಮೊದಲು ನಕ್ಕದ್ದು ಘಸ್ಸಾನ್. ಆಮೇಲೆ ಉಮ್ದಾ. ಸಲೂಹಾ ನಗಬಾರದೆಂದು ತುಟಿ ಕಚ್ಚಿದಳು, ಬಳೆಗಳು ಮಾತ್ರ ಕುಲುಕಿದವು.

“ಆಯ್ತು. ಆದ್ರೆ ಒಂದು ಮಾತು. ನಮ್ಮನೆಗೆ ಮಾರ್ಸೇಯಿಂದ ಬರೋ ಹಾಗೆ ಬರ್ಬೇಕು. ವರ್ಷಕ್ಕೊಂದು ಸಲ, ಕೈಯಲ್ಲಿ ಉಡುಗೊರೆ ಹಿಡ್ಕೊಂಡು.”

ಲಝಹರ್ ಎದೆಯ ಮೇಲೆ ಕೈ ಇಟ್ಟು ಒಪ್ಪಿದ. ಮದುವೆಗೆ ದಿನ ಗೊತ್ತಾಯಿತು. ಕಾಕ್‌ನ ಡಬ್ಬಿ ಬಿಚ್ಚಿದರು. ಉಮ್ದಾ ಅದರಲ್ಲಿ ದೊಡ್ಡ ಪಾಲನ್ನು ಮುಗಿಸಿ, ಸಕ್ಕರೆ ಹಿಡಿದ ಬೆರಳಿನಲ್ಲೇ ಪತ್ರ ಬರೆದು, ಮೊಹರು ಒತ್ತಿದ: ಲಝಹರ್ ಬುಜಲ್ಬಾನ್ ಎಂಬ ವ್ಯಕ್ತಿ ಈ ಬಡಾವಣೆಯ ಖಾಯಂ ನಿವಾಸಿ.

ಮರುದಿನ ನೋಂದಣಿ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಲಝಹರ್ ಅಲ್ಲಿದ್ದ. ಈ ಸಲ ತಲೆಯ ಮೇಲೆ ಯಾವ ಟೋಪಿಯೂ ಇರಲಿಲ್ಲ. ಮದಾಮ್ ರಫೀಕಾ ಪತ್ರ ಓದಿದಳು, ಮೊಹರು ನೋಡಿದಳು, ತಲೆದೂಗಿದಳು, ಕಂಪ್ಯೂಟರಿನಲ್ಲಿ ಹೆಸರು ಒತ್ತಿದಳು.

“ಪತ್ರ ಸರಿಯಾಗಿದೆ. ಆದ್ರೆ ಹೆಸರು ಖಾಲಿ ಇಲ್ಲ.”

“ಖಾಲಿ ಇಲ್ಲ ಅಂದ್ರೆ?”

“ಬೇರೆಯೋರು ತಗೊಂಡಿದ್ದಾರೆ.”

“ಯಾರು?”

“ಈ ದೇಶದೋರೇ. ಇಲ್ಲೇ ವಾಸ ಇರೋರು” ಎಂದು ಹೇಳಿ ಆಕೆ ಮುಂದಿನವರನ್ನು ಕರೆದಳು.

ಲಝಹರ್ ಬೀದಿಗೆ ಬಂದು ಮುಟ್ಟಿದ್ದು ನಡೆದುಕೊಂಡೋ ಹಾರಿಕೊಂಡೋ ಯಾರಿಗೂ ಗೊತ್ತಿಲ್ಲ. ನೆಟ್ಟಗೆ ತೈಯೆಬ್‌ನ ಅಂಗಡಿಗೆ ನುಗ್ಗಿ, ಅವನು ಮಡಚುತ್ತಿದ್ದ ಹೊದಿಕೆಯ ಇನ್ನೊಂದು ತುದಿ ಹಿಡಿದೆಳೆದ.

“ಕಳ್ಳಾ! ನನ್ನ ಹೆಸರು ಕದ್ದೆಯಲ್ಲೋ!”

“ಯಾವ ಹೆಸ್ರು?”

“ಡಾಟ್ ಟಿಎನ್! ನನ್ನ ಹೆಂಡ್ತಿ ಕೈ ನೋಯ್ಸಿಕೊಂಡು ಹೊಲಿದಿದ್ದಾಳೆ, ನೀನು ನಿಂತ ಕಾಲಲ್ಲಿ ಹೊಡ್ಕೊಂಡು ಬಂದೆ!”

“ನಮ್ಮಮ್ಮನಾಣೆ ಇಲ್ಲ ಸೀ ಲಝಹರ್! ತಮಾಷೆಗೆ ಅಂದಿದ್ದು! ಹೋಗೋಣ ಅಂತ ಹೊರಟಿದ್ದೆ, ನಮ್ಮೋಳು ನಿಮಗೇನು ತಲೆ ಕೆಟ್ಟಿದೆಯಾ ಅಂತ ಬೈದ್ಲು, ಸುಮ್ಮನಾದೆ!”

ಬೀದಿ ಸೇರಿತು. ರೊಟ್ಟಿಯವನು ಬಂದ, ಕಾಫಿಯವನು ಬಂದ, ಮೇಲಿನ ಕಿಟಕಿಯಿಂದ ಹಾಜ್ಜಾ ಮಬ್ರೂಕಾ ಏನಾಯ್ತು ಎಂದು ಊರಿಗೆ ಕೇಳುವಂತೆ ಕೇಳಿದಳು. ಹೊದಿಕೆ ಪರ್ರನೆ ಹರಿಯಿತು.

“ಅವರನ್ನ ಬಿಡಿ” ಎಂದಳು ಝೊಹ್ರಾ. ಸೂಜಿ ಹಿಡಿದೇ ತಮ್ಮ ಅಂಗಡಿಯ ಬಾಗಿಲಿಗೆ ಬಂದಿದ್ದಳು. “ತಗೊಂಡಿದ್ದು ನಾನು.”

ಲಝಹರ್ ಹರಿದ ಹೊದಿಕೆಯೊಂದಿಗೆ ತಿರುಗಿದ.

“ನೀನು? ಯಾವಾಗ?”

“ನೀವು ಆಫೀಸಿಂದ ಮುಖ ಇಳಿಸ್ಕೊಂಡು ಬಂದ್ರಲ್ಲ, ಅದರ ಮಾರನೇ ದಿನ. ಅಂಗಡಿ ನನ್ನ ಹೆಸರಲ್ಲಿದೆ, ನಾನು ಇಲ್ಲೇ ಇರೋಳು. ಆ ಮದಾಮ್ ಎರಡನೇ ಪ್ರಶ್ನೆ ಕೇಳ್ಲಿಲ್ಲ.”

“ಮಾರನೇ ದಿನವೇ?” ಲಝಹರ್‌ನ ದನಿ ಕೀರಲಾಯಿತು. “ಉಮ್ದಾನ ಕೈಕಾಲು ಹಿಡಿದೆ! ಎರಡು ಟೋಪಿ ಹಾಕ್ಕೊಂಡೆ! ಬೀಗರ ಮುಂದೆ ಈರುಳ್ಳಿ ಕಥೆ ಹೇಳ್ದೆ! ಯಾಕೆ ಹೇಳ್ಲಿಲ್ಲ ನನಗೆ?”

ಝೊಹ್ರಾ ದಾರವನ್ನು ಹಲ್ಲಿನಿಂದ ಕಡಿದಳು.

“ಹೇಳಿದ್ರೆ ನೀವು ಮಾರ್ಸೇಯಿಂದ ವಾಪಸು ಬರ್ತಿದ್ರಾ?”

ಬೀದಿಯಲ್ಲಿ ಯಾರೂ ನಗಲಿಲ್ಲ. ತೈಯೆಬ್ ಕೂಡ ನಗಲಿಲ್ಲ. ಹರಿದ ಹೊದಿಕೆಯನ್ನು ಲಝಹರ್‌ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಲಝಹರ್ ತಮ್ಮ ಅಂಗಡಿಯೊಳಗೆ ಹೋಗಿ, ಉಣ್ಣೆಯ ಮೂಟೆಯೊಂದನ್ನು ಎಳೆದುಕೊಂಡು ನೆಲದ ಮೇಲೆ ಕೂತ. ಒಂದು ಹಿಡಿ ತೆಗೆದು ಹಿಂಜತೊಡಗಿದ.

“ಹಾಗಲ್ಲ, ಗಂಟು ಬೀಳುತ್ತೆ” ಎಂದಳು ಝೊಹ್ರಾ. “ಹೀಗೆ.”

ಅವನು ಹಾಗೆ ಮಾಡಿದ.